ಚಾತುರ್ಮಾಸ್ಯದಲ್ಲಿ ಬಿಟ್ಟ ಗುಳಿಗೆ

ಹೋದ ವಾರ ಪುಣೆಯ ಕಾತ್ರಜದ ಬಸ್ ನಿಲ್ದಾಣದಲ್ಲಿ ಜಿಟಿಜಿಟಿ ಮಳೆಗೆ ಛತ್ರಿ ಹಿಡಿದು ನಿಂತಿದ್ದೆ. ಪಕ್ಕದ ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬರು ಡಬ್ಬಿ ತೆರೆದರು. ಸಾಬೂದಾಣಿ ಖಿಚಡಿ. ಹುರಿದ ಶೇಂಗಾ, ಜೀರಿಗೆ, ತುಪ್ಪದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಬೇರೆಯವರಿಗೆ ಅದು ಉಪವಾಸದ ದಿನದ ರುಚಿ. ನನಗೆ ಅದು ಒಂದು ಕೆಟ್ಟ ಮಳೆಗಾಲದ ವಾಸನೆ. ತಿರುಗಿ ನೋಡಿದರೆ ಆಕೆ ನಮ್ಮ ಹಳೆಯ ಭಜನಾ ಮಂಡಳಿಯವರೇ. ನನ್ನ ಗುರುತು ಹಿಡಿದು, ಆರಾಮ ಇದ್ದೀರಾ ಅಂತ ಕೇಳುವ ಮೊದಲೇ, ಆಷಾಢದಲ್ಲಿ ನಮ್ಮವರೆಲ್ಲ ಕೇಳುವ ಪ್ರಶ್ನೆ ಕೇಳಿದರು.

"ಈ ವರ್ಷ ಏನ್ ಬಿಟ್ಟೀರಿ?"

"ಮಂಡಳಿ ಬಿಟ್ಟೀನ್ರಿ," ಅಂದೆ.

ಚೇಷ್ಟೆ ಎಂದುಕೊಂಡು ಆಕೆ ನಕ್ಕರು. ನಾನು ನಗಲಿಲ್ಲ. ಬಸ್ಸು ಬಂತು, ಹತ್ತಿ ಕೂತೆ. ಯೆರವಡಾದ ನನ್ನ ಆಫೀಸು ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಆಷಾಢ ಏಕಾದಶಿಗೆ ದೇವರು ಮಲಗುತ್ತಾನೆ, ಕಾರ್ತಿಕದಲ್ಲಿ ಏಳುತ್ತಾನೆ. ನಡುವಿನ ನಾಲ್ಕು ತಿಂಗಳು ನಾವು ಒಂದೊಂದನ್ನೇ ಬಿಡುತ್ತೇವೆ. ಮೊದಲು ಕಾಯಿಪಲ್ಲೆ, ಆಮೇಲೆ ಮೊಸರು, ಆಮೇಲೆ ಹಾಲು, ಕಡೆಗೆ ಬೇಳೆ. ಇದು ಮನೆತನದ ವ್ರತ, ಇದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಮ್ಮ ಮಂಡಳಿಯಲ್ಲಿ ಇದರ ಮೇಲೊಂದು ರೂಢಿ ಬೆಳೆದಿತ್ತು. ಪ್ರತಿಯೊಬ್ಬರೂ ತಮಗೆ ಅತಿ ಪ್ರಿಯವಾದ ಒಂದನ್ನು ನಾಲ್ಕೂ ತಿಂಗಳು ಬಿಡಬೇಕು, ಬಿಟ್ಟದ್ದನ್ನು ಎಲ್ಲರೆದುರು ಹೇಳಬೇಕು. ಒಬ್ಬರು ಚಹಾ ಬಿಟ್ಟರು, ಒಬ್ಬರು ಧಾರಾವಾಹಿ ಬಿಟ್ಟರು, ಒಬ್ಬರು ಗಾದಿ ಬಿಟ್ಟು ಚಾಪೆಯ ಮೇಲೆ ಮಲಗಿದರು. ಮುಗಿಸಿದವರಿಗೆ, ಗಂಡ ಇಲ್ಲದವರಿಗೂ ಸಹ, ತುಳಸಿ ಲಗ್ನದ ದಿನ ಉಡಿ ತುಂಬುವುದು. ದೇವರು ಮಲಗಿದ್ದರೂ ಹೆಂಗಸರು ಮಾತ್ರ ಎಚ್ಚರವಿದ್ದು ಯಾರು ಏನು ಮುರಿದರು ಅಂತ ನೋಡುತ್ತಿದ್ದರು.

ಆ ವರ್ಷ ನಾನು ಬಿಟ್ಟದ್ದು ಗುಳಿಗೆ. ಬಿಟ್ಟದ್ದು ಅನ್ನುವುದಕ್ಕಿಂತ ನನ್ನಿಂದ ಬಿಡಿಸಿದ್ದು.

ಕರೋನಾದ ಎರಡನೆಯ ಅಲೆಯಲ್ಲಿ ಬಾಗಲಕೋಟೆಯಲ್ಲಿದ್ದ ನನ್ನ ತಮ್ಮ ತೀರಿಕೊಂಡ. ಕಡೆಯ ಸಲ ಮುಖ ನೋಡುವುದಕ್ಕೂ ಆಗಲಿಲ್ಲ. ಅದಾದ ಮೇಲೆ ನಿದ್ದೆ ಹೋಯಿತು, ಅದರ ಹಿಂದೆಯೇ ಧೈರ್ಯವೂ ಹೋಯಿತು. ಆಫೀಸು ಮತ್ತೆ ಶುರುವಾದಾಗ ಬಸ್ಸಿನಲ್ಲಿ ಕೂತರೆ ಎದೆ ಬಡಿದುಕೊಳ್ಳುವುದು, ಉಸಿರು ಸಿಕ್ಕದೆ ನಡುದಾರಿಯಲ್ಲಿ ಇಳಿದುಬಿಡುವುದು. ನಮ್ಮ ಓಣಿಯ ಡಾಕ್ಟರು ಸಣ್ಣದೊಂದು ಗುಳಿಗೆ ಬರೆದುಕೊಟ್ಟು ಹದಿನೈದು ದಿನ ತಗೊಳ್ಳಿ ಅಂದರು. ಹದಿನಾರನೆಯ ದಿನ ಏನು ಮಾಡಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಔಷಧಿ ಅಂಗಡಿಯವನು ಅದೇ ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ಕೊಟ್ಟ. ನನ್ನ ಮುಖ ಕಂಡರೆ ಸಾಕು, "ನೇಹಮೀಚಿ ಗೋಳಿ?" ಅನ್ನುವನು. ದಿನದ ಗುಳಿಗೆ ತಾನೆ, ಅಂತ ಅದರ ಅರ್ಥ. ಹಾಲಿನವನು ಹಾಲು ಹಾಕಿದಷ್ಟೇ ಸಲೀಸಾಗಿ ಕೊಟ್ಟ. ಅವನ ಮೇಲೂ ಆ ಡಾಕ್ಟರ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ.

ಗುಳಿಗೆಯ ಚಟ ಅಂದರೆ ಏನೋ ಸುಖ ಅಂತ ಜನ ತಿಳಿದಿದ್ದಾರೆ. ಸುಖ ಎಲ್ಲಿಂದ ಬರಬೇಕು? ಎರಡನೆಯ ವರ್ಷಕ್ಕೆಲ್ಲ ಅದು ನಿದ್ದೆಯನ್ನೂ ಕೊಡುತ್ತಿರಲಿಲ್ಲ, ಸಮಾಧಾನವನ್ನೂ ಕೊಡುತ್ತಿರಲಿಲ್ಲ. ತಗೊಂಡರೆ ನಾನು ನಾಲ್ಕು ಜನರಂತೆ ಇರುತ್ತಿದ್ದೆ, ಅಷ್ಟೆ. ಒಂದು ಸಂಜೆ ತಡವಾದರೆ ಕೈ ನಡುಗುವುದು, ನಾಲಿಗೆ ಒಣಗುವುದು. ಬಾಡಿಗೆಗೆ ಬಂದವನು ಮನೆಯನ್ನೇ ಬರೆಸಿಕೊಂಡಂತೆ ಅದು ನನ್ನೊಳಗೆ ಕೂತಿತ್ತು. ಬಿಡಬೇಕು ಅಂತ ನನಗೂ ಇತ್ತು. ಅದು ನನ್ನದೇ ಆಸೆ, ಯಾರೂ ಕಲಿಸಿದ್ದಲ್ಲ. ಹೇಗೆ ಅನ್ನುವುದೊಂದೇ ಗೊತ್ತಿರಲಿಲ್ಲ.

ಅಂಬಕ್ಕ ನನ್ನ ಗಂಡನ ಅಕ್ಕ. ಯಜಮಾನರು ತೀರಿಕೊಂಡ ಮೇಲೆ ನಮ್ಮದೇ ಬಿಲ್ಡಿಂಗಿನಲ್ಲಿ, ನಮ್ಮ ಮೇಲಿನ ಮಾಳಿಗೆಯ ಫ್ಲಾಟು ಕೊಂಡು ಬಂದರು. ಎತ್ತರದ ಆಳು, ಮೈಕು ಬೇಡದ ಕಂಠ. ಏಕಾದಶಿಗೆ ಗುಟುಕು ನೀರೂ ಮುಟ್ಟುವವರಲ್ಲ. ಆಷಾಢದಲ್ಲಿ ಮಠಕ್ಕೆ ಹೋಗಿ ತೋಳಿನ ಮೇಲೆ ಕಾಯಿಸಿದ ಮುದ್ರೆ ಹಾಕಿಸಿಕೊಂಡು ಬಂದರೆ, ಆ ಸುಟ್ಟ ಗುರುತು ಮಾಯುವವರೆಗೂ ಸೆರಗು ಆ ಕಡೆಯಿಂದ ಜಾರಿಯೇ ಇರುತ್ತಿತ್ತು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು ಅವರು. ಹಾಗಾಗಿ ನನ್ನ ಗಂಡ ಗುರುರಾಜರು ಬ್ಯಾಂಕಿನಲ್ಲಿ ಎಷ್ಟೇ ದೊಡ್ಡ ಸಾಹೇಬರಾಗಿದ್ದರೂ ಅಕ್ಕನ ಎದುರು ಹಲ್ಲು ಕಿತ್ತ ಹಾವು. ಬಿಲ್ಡಿಂಗಿನ ಕೆಳಗಿನ ಹಾಲಿನಲ್ಲಿ ನಡೆಯುತ್ತಿದ್ದ ಮಂಡಳಿಯಲ್ಲೂ ಅಂಬಕ್ಕ ಹೇಳಿದ್ದೇ ವೇದ. ಅಧ್ಯಕ್ಷೆ ಪದ್ಮಾವತಿಬಾಯಿ, ಅಥಣಿಯ ಕಡೆಯ ಬಟ್ಟೆ ವ್ಯಾಪಾರಿಗಳ ಮನೆಯವರು, ಹೆಸರಿಗೆ ಮಾತ್ರ ಅಧ್ಯಕ್ಷೆ.

ಆ ಆಷಾಢದಲ್ಲಿ ಅಂಬಕ್ಕ ನಮ್ಮ ದೇವರ ಕಪಾಟಿನಲ್ಲಿ ಅರಿಷಿಣದ ಡಬ್ಬಿ ಹುಡುಕುತ್ತಿದ್ದಾಗ ನನ್ನ ಗುಳಿಗೆಯ ಪಟ್ಟಿ ಸಿಕ್ಕಿತು. ಏನು ಎತ್ತ ಎಂದು ನನ್ನನ್ನು ಕೇಳಲಿಲ್ಲ, ತಮ್ಮನನ್ನು ಕೇಳಿದರು. ಗುರುರಾಜರು ಎಲ್ಲ ಹೇಳಿಬಿಟ್ಟರು. ಎರಡು ದಿನ ಕಳೆದು ಮಂಡಳಿಯಲ್ಲಿ ಒಬ್ಬೊಬ್ಬರೇ ಬಿಡುವುದನ್ನು ಹೇಳುತ್ತಿದ್ದರು. ನನ್ನ ಸರದಿ ಬಂದಾಗ ಚಹಾ ಎನ್ನಲು ಬಾಯಿ ತೆರೆದೆ.

"ಸುಮಾ ನಿದ್ದಿ ಗುಳಗಿ ಬಿಡತಾಳ," ಅಂದರು ಅಂಬಕ್ಕ. "ಭಾಳ ವರ್ಷದಿಂದ ಅದರ ದಾಸಿ ಆಗ್ಯಾಳ. ದೇವರ ಪಾದಕ್ಕ ಹಾಕಲಿ."

ಇಡೀ ಹಾಲು ನನ್ನ ಕಡೆ ತಿರುಗಿತು. ಮನೆಯ ಹೊರಗೆ ಯಾರಿಗೂ ಹೇಳಿರದ ನನ್ನ ಗುಟ್ಟು ಅಷ್ಟು ಮಂದಿಯ ಬಾಯಿಗೆ ಒಂದೇ ಏಟಿಗೆ ಬಿತ್ತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಪದ್ಮಾವತಿಬಾಯಿ ನನ್ನ ಅಂಗೈಯಲ್ಲಿ ತುಳಸಿ ಇಟ್ಟು ನೀರು ಹಾಕಿದರು. ನಾನು ಸಂಕಲ್ಪ ಮಾಡಿದೆ. ಒಂದು ಮಾತು ಹೇಳಬೇಕು, ಆ ಗಳಿಗೆಯಲ್ಲಿ ನನಗೆ ಸ್ವಲ್ಪ ಹಿತವೂ ಆಯಿತು. ನಾಲ್ಕು ಜನರ ಮುಂದೆ ಮಾತು ಕೊಟ್ಟರೆ ಹೇಗೋ ಆಗಿಬಿಡುತ್ತದೆ ಅಂತ ನಂಬಿದೆ. ಆ ಸಂಜೆಯೇ ಅಂಬಕ್ಕ ನಮ್ಮ ಮನೆಯ ಗುಳಿಗೆಗಳನ್ನೆಲ್ಲ ಕಸದ ಗಾಡಿಗೆ ಹಾಕಿದರು.

ಮೊದಲ ದಿನ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು. ನಿದ್ದೆ ಬರಲಿಲ್ಲ ಅನ್ನುವುದು ಅದರಲ್ಲಿ ತೀರ ಸಣ್ಣದು. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಮೋಡ ಕವಿದ ದಿನದ ಬೆಳಕೂ ಕೂಡ. ಸೀರೆಯ ಅಂಚು ಕಾಲಿಗೆ ತಾಗಿದರೆ ಮೈಯೆಲ್ಲ ಹುಳ ಹರಿದಂತೆ. ಕೂದಲ ಬುಡ ನೋಯುತ್ತಿತ್ತು. ಬೆವರು ಮತ್ತು ಚಳಿ ಒಟ್ಟಿಗೇ ಬರುತ್ತಿದ್ದವು. ಯೆರವಡಾದಲ್ಲಿ ನಮ್ಮದು ಸರಕು ಸಾಗಿಸುವ ಕಂಪನಿಯ ಆಫೀಸು, ನಾನು ಬಿಲ್ಲುಗಳ ವಿಭಾಗ. ಕಾತ್ರಜದಿಂದ ಅಲ್ಲಿಯವರೆಗಿನ ಬಸ್ಸು ಇಡೀ ಪುಣೆಯನ್ನು ಸೀಳಿಕೊಂಡು ಹೋಗುತ್ತದೆ. ಒಂದೊಂದು ಹಾರ್ನೂ ನನ್ನ ಹಲ್ಲಿನೊಳಗೆ ಬಡಿಯುತ್ತಿತ್ತು. ಒದ್ದೆ ಛತ್ರಿಗಳ ವಾಸನೆ, ಮುಂದಿನ ಸೀಟಿನವಳ ಎಣ್ಣೆಯ ಜಡೆ, ಕಂಡಕ್ಟರನ ಸೀಟಿ, ಎಲ್ಲವನ್ನೂ ದ್ವೇಷಿಸುತ್ತ ಹೋಗುತ್ತಿದ್ದೆ. ಆಫೀಸಿನಲ್ಲಿ ಪಕ್ಕದ ಹುಡುಗಿಯ ಬಳೆ ಸದ್ದಾದರೆ ಅವಳ ಕೈ ಹಿಡಿದು ಬಳೆ ಒಡೆಯಬೇಕು ಅನ್ನಿಸುತ್ತಿತ್ತು. ಪಾಪ, ನನಗೆ ಚಹಾ ತಂದುಕೊಡುತ್ತಿದ್ದವಳು ಅವಳೇ.

ಸಂಜೆ ಮನೆಗೆ ಬಂದರೆ ಹಿಂದಿನ ಮೈದಾನದಲ್ಲಿ ಗಣಪತಿ ಮೆರವಣಿಗೆಗೆ ಢೋಲು ತಾಶೆಯ ತಾಲೀಮು. ಪುಣೆಯಲ್ಲಿ ಗಣಪತಿಗೆ ಇನ್ನೂ ಎಷ್ಟೋ ವಾರ ಇರುವಾಗಲೇ ಶುರುವಾಗುತ್ತದೆ. ಇಡೀ ಓಣಿ ಹೆಮ್ಮೆಯಿಂದ ಕಿಟಕಿ ತೆರೆದು ಕೇಳುತ್ತಿತ್ತು. ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕಿವಿಗೆ ಒದ್ದೆ ಟವೆಲ್ಲು ಒತ್ತಿಕೊಂಡು ಕೂರುತ್ತಿದ್ದೆ. ಗಂಡನಿಗೆ ಹೇಳಿದರೆ, ಹೊಸದರಲ್ಲಿ ಹಾಗೇ ಇರುತ್ತದೆ, ಅಕ್ಕನೂ ಅದನ್ನೇ ಹೇಳಿದಳು ಅಂದರು. ಅಕ್ಕ ಹಾಲಿಗೆ ಜಾಜಿಕಾಯಿ ತೇಯ್ದು ಕೊಟ್ಟರು, ಅಂಗಾಲಿಗೆ ಎಣ್ಣೆ ತಿಕ್ಕಿಕೋ ಅಂದರು, ಜಪ ಮಾಡು ಅಂದರು. ಮಂಡಳಿಯಿಂದ ದಿನಕ್ಕೊಬ್ಬರು ಬಂದು ನನ್ನ ನಿಷ್ಠೆಯನ್ನು ಹೊಗಳಿ, ಖಿಚಡಿ ಕೊಟ್ಟು ಹೋದರು. ಇದು ವ್ರತದ ಪರೀಕ್ಷೆ ಅಂತ ಎಲ್ಲರಿಗೂ ಖಾತ್ರಿಯಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನಾನೂ ಹಟಕ್ಕೆ ಬಿದ್ದಿದ್ದೆ.

ಆ ಶನಿವಾರ ಮಧ್ಯಾಹ್ನ ಮಂಡಳಿಯಲ್ಲಿ ನನ್ನ ಕೈಗೆ ತಾಳ ಕೊಟ್ಟರು. ಕೈ ನಡುಗುತ್ತಿತ್ತು, ತಾಳ ತಾನಾಗಿ ಬೇಗ ಬೇಗ ಬಡಿದುಕೊಳ್ಳತೊಡಗಿತು. ಹಾಡುವವರು ನನ್ನ ಹಿಂದೆಯೇ ವೇಗ ಹೆಚ್ಚಿಸಿದರು. ನನ್ನ ದವಡೆ ನಡುಗಿತು, ತಲೆ ಅಲುಗಿತು. ಪದ್ಮಾವತಿಬಾಯಿಯವರ ಕಣ್ಣಲ್ಲಿ ನೀರು ಬಂತು.

"ಭಕ್ತಿ ಅಂದ್ರ ಇದು," ಅಂದರು.

ಎಲ್ಲರೂ ಇನ್ನೂ ಗಟ್ಟಿಯಾಗಿ ಹಾಡಿದರು. ನನಗೆ ನೆನಪಿರುವುದು ಅಷ್ಟೇ. ಉಳಿದದ್ದು ಆಮೇಲೆ ಕೇಳಿ ತಿಳಿದದ್ದು. ನಾನು ಬಿದ್ದೆನಂತೆ, ಕಣ್ಣು ಮೇಲಾಗಿ ಕೈಕಾಲು ಸೆಟೆದು ಬಡಿದುಕೊಂಡೆನಂತೆ. ಯಾರೋ ಕೈಯಲ್ಲಿ ಬೀಗದ ಕೈ ಹಿಡಿಸಿದರು. ಇನ್ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯಿರಿ ಅಂದರು. ಆಗ ಚಾತುರ್ಮಾಸ್ಯದಲ್ಲಿ ಈ ಹಾಲಿನೊಳಗೆ ಉಳ್ಳಾಗಡ್ಡಿ ತರಬಹುದೋ ಬಾರದೋ ಎಂದು ಚರ್ಚೆ ನಡೆಯಿತಂತೆ. ನಾನು ನೆಲದ ಮೇಲೆ ಬಡಿದುಕೊಳ್ಳುತ್ತಿರುವಾಗ! ಇದನ್ನು ಹೇಳಿದವಳು ಮೂರನೆಯ ಮಾಳಿಗೆಯ ಮರಾಠಿ ಹೆಂಗಸು. ಆಂಬುಲೆನ್ಸಿಗೆ ಫೋನು ಮಾಡಿದವಳೂ ಅವಳೇ.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಮನೋರೋಗದ ಡಾಕ್ಟರು ಸಣ್ಣ ಆಳಿನ, ಒಣ ಮಾತಿನ ಮರಾಠಿ ಹೆಂಗಸು. ಗುಳಿಗೆ ನಿಲ್ಲಿಸಿದ್ದು ಹೇಗೆ ಅಂತ ಕೇಳಿದರು. ಗುರುರಾಜರು ವ್ರತದ ಕಥೆ ಹೇಳಿದರು. ಆಕೆ ಪೆನ್ನು ಕೆಳಗಿಟ್ಟು, ಇದು ಚಾತುರ್ಮಾಸ್ಯದಲ್ಲಿ ಬಿಡುವ ಬದನೆಕಾಯಿ ಅಲ್ಲ ಅಂದರು. ಆಮೇಲೆ ನನಗೆ ತಿಳಿಯುವಂತೆ ಹೇಳಿದರು. ಇಷ್ಟು ವರ್ಷ ನನ್ನ ಮಿದುಳು ತನ್ನ ಬ್ರೇಕಿನ ಕೆಲಸವನ್ನು ಗುಳಿಗೆಗೆ ಒಪ್ಪಿಸಿ ಕೂತಿದೆ. ಗುಳಿಗೆಯನ್ನು ಒಮ್ಮೆಲೇ ಕಿತ್ತರೆ ಗಾಡಿ ಘಾಟಿನಲ್ಲಿ ಬ್ರೇಕಿಲ್ಲದೆ ಇಳಿಯುತ್ತದೆ. ಇದು ದುರ್ಬಲ ಮನಸ್ಸಿನ ಮಾತಲ್ಲ, ಎಂಥ ಪೈಲ್ವಾನನಿಗೂ ಹೀಗೇ ಆಗುತ್ತದೆ, ಕೆಲವರು ಸಾಯುತ್ತಾರೆ. ಮತ್ತೆ ಶುರು ಮಾಡಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಇಳಿಸಿದ ಕಡೆ ಮೈ ಒಗ್ಗುವವರೆಗೆ ನಿಲ್ಲಬೇಕು, ಮತ್ತೆ ಇಳಿಸಬೇಕು. ಬರುವ ಬೇಸಿಗೆಯವರೆಗೆ ಹಿಡಿಯಬಹುದು ಅಂದರು. ಹಿಡಿಯಿತು ಕೂಡ. ಇಷ್ಟು ವರ್ಷಗಳಲ್ಲಿ ಆ ಗುಳಿಗೆಯ ಬಗ್ಗೆ ನನ್ನ ಜೊತೆ ಯಾರಾದರೂ ನೆಟ್ಟಗೆ ಮಾತಾಡಿದ್ದು ಅದೇ ಮೊದಲು. ನನಗೆ ಅಳು ಬಂತು.

ಮನೆಗೆ ಬಂದ ದಿನ ಅಂಬಕ್ಕ ಇಳಿದು ಬಂದರು. ನಾನು ಗುಳಿಗೆ ತಗೊಳ್ಳುವುದನ್ನು ಬಾಗಿಲಲ್ಲಿ ನಿಂತೇ ನೋಡಿದರು. ಅವರ ಪ್ರಕಾರ ನನಗೆ ಆದದ್ದು ದೃಷ್ಟಿ, ಇಲ್ಲವಾದರೆ ಖಾಲಿ ಹೊಟ್ಟೆ, ಇಲ್ಲವಾದರೆ ರಕ್ತ ಕಡಿಮೆ. ಗುಳಿಗೆ ಬಿಟ್ಟದ್ದರಿಂದ ಅಂತೂ ಅಲ್ಲ. ಡಾಕ್ಟರರಿಗೆ ಗಿರಾಕಿ ಬೇಕು, ಅದಕ್ಕೇ ಹಾಗೆ ಹೇಳುತ್ತಾರೆ.

"ದೇವರ ಮುಂದ ಮಾಡಿದ ಸಂಕಲ್ಪ ಮುರದಿ," ಅಂದರು. "ಮನಿತನಕ್ಕ ಛಲೋ ಅಲ್ಲ."

"ಸತ್ತಿದ್ರ ಉಡಿ ತುಂಬತಿದ್ರೇನ್ರಿ?" ಅಂದೆ.

ಹಿರಿಯರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಮೈಯಲ್ಲಿ ಶಕ್ತಿ ಇದ್ದಿದ್ದರೆ ಇನ್ನೂ ಆಡುತ್ತಿದ್ದೆ. ಗುರುರಾಜರು ನಡುವೆ ಬಂದು ಇಬ್ಬರೂ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ಅಂದರು. ಆ "ಇಬ್ಬರೂ" ಅನ್ನುವುದಕ್ಕೆ ನಾನು ಗಣಪತಿ ಹಬ್ಬದವರೆಗೆ ಅವರಿಗೆ ಚಹಾ ಮಾಡಿಕೊಡಲಿಲ್ಲ. ಅವರೇ ಮಾಡಿಕೊಂಡು, ನನಗೂ ಒಂದು ಕಪ್ಪು ಇಟ್ಟು ಹೋಗುತ್ತಿದ್ದರು.

ಮಂಡಳಿಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ತುಳಸಿ ಬಿಡಿಸುವ ಕೆಲಸ ನನಗೆ ಬರುವುದು ನಿಂತಿತು. ತಾಳ ಬೇರೆಯವರ ಕೈಗೆ ಹೋಯಿತು. ನಾನು ಬಂದು ಕೂತರೆ ಮಾತು ತಗ್ಗುತ್ತಿತ್ತು. ಗಣಪತಿ ಬಂದು ಹೋದ, ಪಿತೃಪಕ್ಷ ಕಳೆಯಿತು. ಕಾತ್ರಜದ ಘಾಟಿನ ಮೇಲೆ ಮೋಡ ತೆಳುವಾಯಿತು. ನಾನು ಎರಡು ಸಲ ಇಳಿಸಿದ್ದೆ. ಇಳಿಸಿದ ಪ್ರತಿ ಸಲ ಕೆಲವು ದಿನ ಮತ್ತೆ ಅದೇ ಬೆವರು, ಅದೇ ಸಿಡುಕು, ಆದರೆ ತಡೆದುಕೊಳ್ಳುವಷ್ಟು. ಇದು ಕೆಲಸ, ನಾನು ಮಾಡುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು. ಬೇರೆ ಯಾರೂ ಅದನ್ನು ಬಿಡುವುದು ಎಂದು ಎಣಿಸಲಿಲ್ಲ.

ಆಶ್ವಿನದಲ್ಲಿ ಅಂಬಕ್ಕ ನನ್ನ ಜೊತೆ ಆಸ್ಪತ್ರೆಗೆ ಬರುತ್ತೇನೆ ಅಂದರು. ಡಾಕ್ಟರಿಗೆ ನಾಲ್ಕು ಮಾತು ಹೇಳುವುದಿತ್ತಂತೆ. ಹೇಳಿದರು ಕೂಡ. ನನ್ನ ಮೇಲೆ ಬಿಗಿ ಸಾಲದು, ಬೇಗ ಬಿಡಿಸಿರಿ, ಹೀಗೆ ಎಳೆದರೆ ಜನ್ಮವಿಡೀ ನುಂಗುತ್ತಾಳೆ ಅಂತ ತಮ್ಮ ಕನ್ನಡದ ಮರಾಠಿಯಲ್ಲಿ ಪಾಠ ಮಾಡಿದರು. ಡಾಕ್ಟರು ಎಲ್ಲ ಕೇಳಿಸಿಕೊಂಡು, ನೀವು ಯಾವ ಗುಳಿಗೆ ತಗೊಳ್ಳುತ್ತೀರಿ ಅಂತ ಕೇಳಿದರು. ಅಂಬಕ್ಕ ಹೆಮ್ಮೆಯಿಂದ ಚೀಲ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಸಕ್ಕರೆಯದು, ಬಿ.ಪಿ.ಯದು, ಗ್ಯಾಸಿನದು. ತಲೆಯ ಗುಳಿಗೆ ತಾವು ಕೈಯಲ್ಲೂ ಮುಟ್ಟಿದವರಲ್ಲ. ಗ್ಯಾಸಿನದೊಂದನ್ನು ಮಾತ್ರ ಯಜಮಾನರು ತೀರಿಕೊಂಡಾಗಿನಿಂದ, ಹೊಟ್ಟೆ ಉರಿಗೆ ಅಂತ, ಊಟಕ್ಕೆ ಮೊದಲು ತಪ್ಪದೆ ತಗೊಳ್ಳುತ್ತಾರೆ.

ಡಾಕ್ಟರು ಆ ಪಟ್ಟಿಯ ಬೆನ್ನು ತಿರುಗಿಸಿ ಸಣ್ಣ ಅಕ್ಷರ ಓದಿದರು. ಇದರಲ್ಲಿ ಹೊಟ್ಟೆಯ ಔಷಧಿಯ ಜೊತೆ ಇನ್ನೊಂದು ಸೇರಿದೆ, ಅದು ಸುಮಾನ ಗುಳಿಗೆಯ ಅಣ್ಣ, ಒಂದೇ ಕುಲ ಅಂದರು. ಒಮ್ಮೆಲೇ ಬಿಡಬೇಡಿ, ನಾನು ಇಳಿಸಿಕೊಡುತ್ತೇನೆ ಅಂತಲೂ ಬಿಡಿಸಿ ಹೇಳಿದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಬೇರೆ ಕೇಳಿದೆ. ಏಕಾದಶಿಯ ದಿನ ಊಟವಿಲ್ಲದ್ದಕ್ಕೆ ಇವರು ಈ ಗುಳಿಗೆ ತಗೊಳ್ಳುವುದಿಲ್ಲ, ಅವತ್ತು ಇವರಿಗೆ ಬರುವ ಸಿಟ್ಟು ಇದರಿಂದಲೇ ಇರಬಹುದೇ ಅಂತ. ಡಾಕ್ಟರು ನಕ್ಕರು. ಇದು ಮೈಯಿಂದ ನಿಧಾನವಾಗಿ ಇಳಿಯುವ ಔಷಧಿ, ಒಂದು ದಿನ ಬಿಟ್ಟರೆ ಏನೂ ಆಗುವುದಿಲ್ಲ, ಆ ಸಿಟ್ಟು ಅವರದೇ ಅಂದರು. ನನಗೆ ಸ್ವಲ್ಪ ನಿರಾಸೆಯಾಯಿತು.

ಅವತ್ತು ಸಂಜೆ ಮಂಡಳಿಯಲ್ಲಿ ಆರತಿ ಆದ ಮೇಲೆ ಅಂಬಕ್ಕ ಎದ್ದು ನಿಂತರು. ತಮ್ಮ ಗ್ಯಾಸಿನ ಗುಳಿಗೆಯಲ್ಲೂ ಸುಮಾನ ಗುಳಿಗೆಯ ಅಂಶವೇ ಇದೆ ಅಂತ ಡಾಕ್ಟರು ಹೇಳಿದ್ದಾಗಿ ಎಲ್ಲರಿಗೂ ತಿಳಿಸಿದರು. ಇವತ್ತಿನಿಂದ ಅದನ್ನು ಬಿಟ್ಟೆ, ಬಿಡುವುದು ಹೇಗೆ ಎಂದು ಸುಮಾ ನೋಡಲಿ ಅಂದರು. ಅಂಗೈಯಲ್ಲಿ ತುಳಸಿ ಇಟ್ಟುಕೊಂಡರು, ತಾವೇ ನೀರು ಹಾಕಿಕೊಂಡರು. ಮಂಡಳಿ ಮೆಚ್ಚುಗೆಯಿಂದ ತಲೆದೂಗಿತು. ನಾನು ಎದ್ದು, ಬೇಡ, ಡಾಕ್ಟರು ಇವರಿಗೆ ನನ್ನೆದುರೇ ಬೇಡ ಅಂದಿದ್ದಾರೆ ಅಂತ ಹೇಳಿದೆ. ಹೊಟ್ಟೆಕಿಚ್ಚು ಅಂತ ಯಾರೋ ಪಿಸುಗುಟ್ಟಿದ್ದು ನನಗೆ ಕೇಳಲಿ ಎಂದೇ ಪಿಸುಗುಟ್ಟಿದ್ದು.

ಮೊದಲ ಕೆಲವು ದಿನ ಅಂಬಕ್ಕನಿಗೆ ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಕೆಳಗೆ ಬಂದು, ಮುಖ ತೋರಿಸಿ, ಏನೂ ಆಗಿಲ್ಲ ನೋಡು ಅಂತ ಹೇಳಿ ಹೋಗುತ್ತಿದ್ದರು. ಆ ವಾರ ನಾನು ಅನುಭವಿಸಿದ್ದನ್ನು ಆಸ್ಪತ್ರೆಯಲ್ಲೂ ಅನುಭವಿಸಿರಲಿಲ್ಲ. ಈ ಮುದುಕಿ ಹೀಗೆ ನಿಂತುಬಿಟ್ಟರೆ ನಾನು ಏನಾದೆ? ಡಾಕ್ಟರು ನನ್ನ ಮನಸ್ಸು ನೋಯದಿರಲೆಂದು ಸುಳ್ಳು ಹೇಳಿದರೇ? ಎಲ್ಲವೂ ನನ್ನ ಹೇಡಿತನವೇ? ಒಂದು ದಿನ ಬಸ್ಸಿನಲ್ಲಿ ಕೂತು, ಇವತ್ತೇ ನನ್ನದನ್ನೂ ನಿಲ್ಲಿಸಿಬಿಡೋಣ ಅಂತ ಕೂಡ ಅಂದುಕೊಂಡೆ. ನಿಲ್ಲಿಸಲಿಲ್ಲ. ನಾನು ಬಿದ್ದ ಆ ಹಾಲಿನ ನೆಲ ನೆನಪಾಯಿತು.

ಆಮೇಲೆ ಒಂದು ಬೆಳಿಗ್ಗೆ ಅವರು ಕೆಳಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಗುರುರಾಜರು ಫೋನು ಮಾಡಿದರೆ ನೆಗಡಿ ಅಂದರಂತೆ. ರವಿವಾರ ಮಧ್ಯಾಹ್ನ ನಾನೇ ಮೇಲೆ ಹೋದೆ. ಬಾಗಿಲ ಮುಂದಿನ ರಂಗೋಲಿಯ ಗೆರೆಗಳು ಅಲ್ಲಲ್ಲಿ ಕಡಿದು, ಒಂದರ ಮೇಲೊಂದು ಏರಿದ್ದವು. ಅಂಬಕ್ಕನ ರಂಗೋಲಿ ಅಂದರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಇರುವುದು. ಒಳಗೆ ಅಡಿಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಕುಪ್ಪಸ ಬೆವರಿನಲ್ಲಿ ತೊಯ್ದಿತ್ತು. ಎರಡೂ ಕೈಗಳನ್ನು ಸೆರಗಿನಡಿ ಬಚ್ಚಿಟ್ಟಿದ್ದರು. ಕೆಳಗೆ ಎಲ್ಲೋ ಕುಕ್ಕರು ಕೂಗಿತು, ಅವರ ಇಡೀ ಮೈ ಬೆಚ್ಚಿತು. ಆ ಬೆವರು, ಆ ಬೆಚ್ಚುವುದು, ಒಂದೊಂದೂ ನನಗೆ ಗೊತ್ತಿತ್ತು.

ಮೊದಲು ನನಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ. ಎದೆ ತುಂಬ ಸಂತೋಷವಾಯಿತು. ಈಗ ಹೇಳಿರಿ ದೃಷ್ಟಿ ಅಂತ, ಖಾಲಿ ಹೊಟ್ಟೆ ಅಂತ.

ಆಗ ಅವರು ಎದುರಿನ ಗೋಡೆಯನ್ನು ನೋಡುತ್ತ ಅಂದರು, "ಇರಬಿ ಎಷ್ಟ ಆಗ್ಯಾವ ನೋಡ, ಸುಮಾ. ಗ್ವಾಡಿ ತುಂಬಾ."

ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ಹೋದ ದೀಪಾವಳಿಗೆ ಬಣ್ಣ ಹಚ್ಚಿಸಿದ ಬಿಳಿಯ ಗೋಡೆ. ನನ್ನ ಸಂತೋಷ ಅಲ್ಲಿಗೇ ಇಂಗಿಹೋಯಿತು. ಡಾಕ್ಟರಿಗೆ ಫೋನು ಹಚ್ಚಿದೆ. ಆಕೆ ಬೈಯಲಿಲ್ಲ, ಹೊತ್ತು ಕಳೆಯಲಿಲ್ಲ. ಮೊದಲು ಎಷ್ಟು ತಗೊಳ್ಳುತ್ತಿದ್ದರೋ ಅಷ್ಟನ್ನು ಈಗಲೇ ಕೊಡಿ, ಕೊಟ್ಟು ಕರೆದುಕೊಂಡು ಬನ್ನಿ ಅಂದರು. ಬಿಟ್ಟ ಗುಳಿಗೆಯ ಪಟ್ಟಿ ದೇವರ ಮುಂದಿನ ತಟ್ಟೆಯಲ್ಲಿ, ಒಣಗಿದ ತುಳಸಿಯ ಕೆಳಗೆ ಇತ್ತು. ಅಂಬಕ್ಕ ಅದನ್ನು ದೇವರಿಗೆ ಒಪ್ಪಿಸಿಬಿಟ್ಟಿದ್ದರು. ನಾನು ದೇವರ ತಟ್ಟೆಗೆ ಕೈ ಹಾಕಿ ತಂದೆ.

"ಸಂಕಲ್ಪ ಮಾಡೀನಿ," ಅಂದರು. ತುಟಿ ಬಿಗಿಹಿಡಿದಿದ್ದರು.

"ದೇವರಿಗೆ ನಿಮ್ಮ ಗ್ಯಾಸಿನ ಗುಳಗಿ ಏನ್ ಮಾಡೂದದರಿ?"

"ದೇವರದಲ್ಲ, ಸುಮಾ." ಅವರ ದನಿ ತೀರ ಸಣ್ಣದಾಗಿತ್ತು, ಅಷ್ಟು ಸಣ್ಣ ದನಿ ಅವರಿಗಿದೆ ಅಂತ ನನಗೆ ಗೊತ್ತಿರಲಿಲ್ಲ. "ಮಂದಿಗೆ ಗೊತ್ತಾದ್ರ?"

"ಗೊತ್ತಾಗಂಗಿಲ್ಲ."

"ಆಣಿ ಮಾಡು."

ತಮ್ಮನ ಆಣೆ ಮಾಡಿಸಿಕೊಂಡರು, ಅಂದರೆ ನನ್ನ ಗಂಡನದು. ಗುಳಿಗೆ ಅವರ ಕೈಗೆ ಕೊಡುವಂತಿರಲಿಲ್ಲ, ಆ ಕೈ ಏನನ್ನೂ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ನಾನೇ ನಾಲಿಗೆಯ ಮೇಲೆ ಇಟ್ಟು, ಗದ್ದ ಹಿಡಿದು ನೀರು ಕುಡಿಸಿದೆ. ಅರ್ಧ ನೀರು ಇಬ್ಬರ ಸೀರೆಯ ಮೇಲೂ ಚೆಲ್ಲಿತು.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮಂಡಳಿಗೆ ಮೊಣಕಾಲು ನೋವು ಅಂತ ಹೇಳಿದೆವು. ಆಮೇಲೆ ಅವರಿಗೂ ನನ್ನಂತೆಯೇ ಸ್ವಲ್ಪ ಸ್ವಲ್ಪ ಇಳಿಸುವ ಏರ್ಪಾಡಾಯಿತು. ಆದರೆ ಅವರನ್ನು ನಂಬುವಂತಿರಲಿಲ್ಲ. ಮೊದಲ ವಾರವೇ ಗುಳಿಗೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ನಾನು ಹೋದ ಮೇಲೆ ಉಗುಳಿದ್ದು ಸಿಕ್ಕಿಬಿತ್ತು. ವ್ರತ ಉಳಿಸಿಕೊಳ್ಳಲು ನೋಡಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಮೇಲೆ ಹೋಗಿ, ಎದುರಿಗೆ ನಿಂತು, ನುಂಗಿದ್ದು ನೋಡಿ, ನಾಲಿಗೆ ಎತ್ತಿಸಿ ನೋಡಿ, ಆಮೇಲೆ ಬಸ್ಸಿಗೆ ಓಡುತ್ತಿದ್ದೆ. ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಅವರು ನನಗೆ ಒಂದು ದಿನವೂ ಉಪಕಾರ ಅನ್ನಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ನಾನೂ ಅವರ ಮೇಲಿನ ಸಿಟ್ಟನ್ನು ಒಂದು ಗುಂಜಿಯಷ್ಟೂ ಇಳಿಸಲಿಲ್ಲ.

ಕಾರ್ತಿಕ ಬಂತು. ತುಳಸಿ ಲಗ್ನಕ್ಕೆ ಹಾಲಿನಲ್ಲಿ ಕಬ್ಬು ಕಟ್ಟಿ, ನೆಲ್ಲಿಯ ಟೊಂಗೆ ನಿಲ್ಲಿಸಿ, ಪಣತಿ ಹಚ್ಚಿದರು. ಮಂಗಳಾಷ್ಟಕ ಆಗಿ, ಅಕ್ಷತೆ ಬಿದ್ದ ಮೇಲೆ ಉಡಿ ತುಂಬುವುದು ಶುರುವಾಯಿತು. ಪದ್ಮಾವತಿಬಾಯಿ ಮೊದಲು ಕರೆದದ್ದು ಅಂಬಕ್ಕನನ್ನು. ಈ ವಯಸ್ಸಿನಲ್ಲಿ, ಇಷ್ಟು ವರ್ಷದ ಗುಳಿಗೆಯನ್ನು ಒಂದೇ ಮಾತಿಗೆ ಬಿಟ್ಟರು ಅಂತ ಹೊಗಳಿ, ಮಡಿಲಿಗೆ ಅಕ್ಕಿ, ಕಾಯಿ, ಕುಪ್ಪಸದ ಕಣ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರದೇ ಆಗುತ್ತ ಸಾಲು ನನ್ನನ್ನು ದಾಟಿ ಹೋಯಿತು. ಪದ್ಮಾವತಿಬಾಯಿ ನನ್ನ ಭುಜ ತಟ್ಟಿ, ಮುಂದಿನ ವರ್ಷ ನಿಮ್ಮದೂ ಆಗಲಿ, ಮನೆಯಲ್ಲೇ ಗುರು ಇದ್ದಾರಲ್ಲ ಅಂದರು.

ಅವತ್ತು ಬೆಳಿಗ್ಗೆ ಆ ಗುರುವಿನ ನಾಲಿಗೆಯ ಕೆಳಗೆ ನಾನು ಇಣುಕಿ ನೋಡಿ ಬಂದಿದ್ದೆ. ಒಂದು ಮಾತು ಹೇಳಿದರೆ ಸಾಕಿತ್ತು. ಇಡೀ ಹಾಲಿನೆದುರು, ಆ ಕಾಯಿ ಮಡಿಲಲ್ಲಿ ಇರುವಾಗಲೇ. ಆದರೆ ಅಂಬಕ್ಕನನ್ನು ನಾನು ಬಲ್ಲೆ. ನಾಚಿಕೆಗೆ ಆ ಹೆಂಗಸು ಅವತ್ತು ಸಂಜೆಯೇ ಮತ್ತೆ ಗುಳಿಗೆ ನಿಲ್ಲಿಸುತ್ತಿದ್ದರು, ಈ ಸಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು. ನಾನು ಹಲ್ಲು ಕಚ್ಚಿದೆ.

ಅಂಬಕ್ಕ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ಎಲ್ಲರಿಗೂ ಕೇಳುವಂತೆ ಅಂದರು, "ಮನಸ್ಸು ಗಟ್ಟಿ ಬೇಕ ನೋಡ, ಸುಮಾ."

"ಹೌದ್ರಿ, ಅಂಬಕ್ಕ," ಅಂದೆ.

ನನ್ನ ಜೀವಮಾನದಲ್ಲಿ ಅಷ್ಟು ತುಟ್ಟಿಯ ಮಾತು ನಾನು ಇನ್ನೊಂದು ಆಡಿಲ್ಲ. ಮಂಡಳಿಗೆ ಹೋದದ್ದು ಅದೇ ಕಡೆ.

ಮರುದಿನ ಬೆಳಿಗ್ಗೆ ಥಂಡಿ ಬಿದ್ದಿತ್ತು. ನಾನು ಮೆಟ್ಟಿಲು ಹತ್ತಿ ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅಂಬಕ್ಕ ನೀರಿನ ಲೋಟ ತಾವೇ ತುಂಬಿಕೊಂಡು ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ನಾನು ಅವತ್ತಿನ ಗುಳಿಗೆಯ ತುಂಡನ್ನು ಬೆರಳ ತುದಿಯಲ್ಲಿ ಹಿಡಿದೆ.

"ಗಟ್ಟಿ ಮನಸ್ಸಿನವರು ಬಾಯಿ ತೆಗೀರಿ," ಅಂದೆ.

ತೆಗೆದರು.